ಮಮದಾಪುರಕ್ಕೆ ಇನ್ನೆಷ್ಟು ದೂರ

ಬಬಲೇಶ್ವರದ ಗುರುಪಾದಯ್ಯನವರು ತಮ್ಮ ಎಪ್ಪತ್ತೆರಡು ವರ್ಷಗಳಲ್ಲಿ ದಾರಿ ಕೇಳಿದ ಯಾರಿಗೂ ‘ದೂರ ಐತಿ’ ಎಂದವರಲ್ಲ. ಪಕ್ಕದ ಕಾಖಂಡಕಿಗೆ ಹೋಗುವವರು ಕೇಳಲಿ, ಕಾಶಿಗೆ ಹೋಗುವವರು ಕೇಳಲಿ, ಅವರ ಉತ್ತರ ಒಂದೇ: “ಇಲ್ಲೇ ಐತ್ರಿ. ಹೊಂಟ್ರ ಮುಟ್ಟಿದಾಂಗ.”

ಅದು ಸುಳ್ಳು ಹೇಳುವ ಚಟವಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ಅವರು ವರ್ಷಕ್ಕೊಮ್ಮೆ, ಯುಗಾದಿಗೆ ಮೊದಲು, ಶ್ರೀಶೈಲಕ್ಕೆ ನಡೆದು ಹೋಗುವವರು. ಆ ದಾರಿಯಲ್ಲೊಂದು ನಡಾವಳಿಯಿದೆ. ಪಾದದಲ್ಲಿ ಬೊಬ್ಬೆ ಎದ್ದವನು ‘ಇನ್ನೆಷ್ಟು ದೂರ?’ ಎಂದು ಕೇಳಿದರೆ ಯಾರೂ ಹರದಾರಿಯ ಲೆಕ್ಕ ಒಪ್ಪಿಸುವುದಿಲ್ಲ. ಮಜ್ಜಿಗೆ ಹೊಯ್ಯುವ ಹೆಣ್ಣುಮಗಳು, ಕಾಲಿಗೆ ಎಣ್ಣೆ ತಿಕ್ಕುವ ಮುದುಕ, ಎಲ್ಲರೂ ‘ಇಲ್ಲೇ’ ಅನ್ನುತ್ತಾರೆ. ಕೇಳಿದವನಿಗೂ ಅದು ಗೊತ್ತು. ಗೊತ್ತಿದ್ದೂ ಕಾಲು ಎದ್ದು ಇನ್ನೊಂದು ಹೆಜ್ಜೆ ಮುಂದೆ ಬೀಳುತ್ತದೆ. ಆ ಒಂದು ಹೆಜ್ಜೆಯಷ್ಟೇ ಮನುಷ್ಯನದು, ಉಳಿದದ್ದು ಶ್ರೀಶೈಲದ ಮಲ್ಲಯ್ಯನದು ಎಂದು ಅಯ್ಯನವರ ನಂಬಿಕೆ.

ಆದರೆ ಈ ಮಾತನ್ನು ಅವರು ಈ ಸಲ ಹೇಳಿದ್ದು ಫೋನಿನಲ್ಲಿ.

ಅವರ ಮೊಮ್ಮಗಳು ಕಾವ್ಯಾ ವಿಜಯಪುರದಲ್ಲಿ, ಗೋಳಗುಮ್ಮಟದ ಎದುರಿನ ಸಾಲಿನಲ್ಲಿ ಒಂದು ಸಣ್ಣ ಅಂಗಡಿ ತೆರೆದು ನಾಲ್ಕು ತಿಂಗಳಾಗಿತ್ತು. ‘ವಿಮಾನ ನಿಲ್ದಾಣದಿಂದ ಪ್ರಾಚೀನ ಸ್ಥಳಗಳಿಗೆ ಖಾಸಗಿ ವಾಹನ’ ಎಂದು ಬೋರ್ಡು. ವಾಹನ ಅವಳದಲ್ಲ, ಟಿಕೋಟಾದ ಗೈಬುಸಾಬನದು. ದ್ರಾಕ್ಷಿ ಹಂಗಾಮಿನಲ್ಲಿ ವ್ಯಾಪಾರಿಗಳನ್ನು ತೋಟದಿಂದ ತೋಟಕ್ಕೆ ಸುತ್ತಾಡಿಸುವ ಗಾಡಿ ಅದು. ಎಷ್ಟು ತೊಳೆದರೂ ಅದರ ಸೀಟಿಗೆ ಒಣದ್ರಾಕ್ಷಿಯ ವಾಸನೆ. ಅದರ ಹೊಸ ಸೀಟಿನ ಕವರು ನೋಡಿ ಬರಲೆಂದು ಕಾವ್ಯಾ ಟಿಕೋಟಾಕ್ಕೆ ಹೋದ ದಿನ ಅಂಗಡಿಯಲ್ಲಿ ಅಜ್ಜ ಕೂತಿದ್ದರು. ಆಗಲೇ ಮುಂಬಯಿಯಿಂದ ನೀಲಾ ಎಂಬವರ ಫೋನು ಬಂತು. ಹಳೆಯ ಕೆರೆಗಳ ಮೇಲೆ ಇಪ್ಪತ್ತು ವರ್ಷ ಬರೆದ ಹೆಂಗಸು. ಮಾತು ಸೊಲ್ಲಾಪುರದ ಕಡೆಯ ಕನ್ನಡ.

“ಬೆಳಗಾವಿಗೆ ವಿಮಾನದಾಗ ಬರ್ತೀನ್ರಿ. ಅಲ್ಲಿಂದ ಮಮದಾಪುರದ ಕೆರಿ ದೂರ ಅದ ಏನು?”

ಅಯ್ಯನವರ ನಾಲಿಗೆ ಐವತ್ತು ವರ್ಷದ ಹಳಿಯ ಮೇಲೆ ಓಡಿತು. “ಏ, ಇಲ್ಲೇ ಐತ್ರಿ ತಾಯಿ. ಹೊಂಟ್ರ ಮುಟ್ಟಿದಾಂಗ.”

ಕಾವ್ಯಾ ಸಂಜೆ ಬಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಗುರುವಾರ ಒಬ್ಬಾಕಿ ತಾಯಿ ಬರ್ತಾರ. ಬೆಳಗಾವಿಯಿಂದ ಕರ್ಕೊಂಡು ಬರೂದು. ನಾನೂ ಹೊಂಟೀನಿ. ವಿಮಾನ ಇಳಿಯೂದು ಒಮ್ಮಿ ಕಣ್ಣಿಲೆ ನೋಡಬೇಕು.”

*

ಗುರುವಾರ ನಸುಕಿನಲ್ಲೇ ಪೂಜೆ ಮುಗಿಸಿ ಅಯ್ಯನವರು ಗಾಡಿ ಹತ್ತಿದರು. ಗೋಕಾಕ ದಾಟಿ ಒಂದು ಚಹಾದಂಗಡಿಯ ಮುಂದೆ ನಿಂತಿದ್ದಾಗ ಕಾವ್ಯಾಳ ಫೋನು ಬಂತು.

“ಅಜ್ಜಾ, ಆ ತಾಯಿಗೆ ದಾರಿ ಎಷ್ಟೈತಿ ಅಂತ ಹೇಳಿದ್ದಿ?”

“ಇಲ್ಲೇ ಐತಿ ಅಂದಿದ್ದೆ.”

“ಯಪ್ಪಾ! ಈಗ ವಿಮಾನದಾಗ ಕುಂತು ಮೆಸೇಜ್ ಕಳಿಸ್ಯಾರ. ಕೆರಿ ದಂಡಿಮ್ಯಾಗ ಊಟಾ ಮಾಡಿ ಸಂಜಿ ಆರೂವರಿ ವಿಮಾನಕ್ಕ ವಾಪಸ್ ಹೊಕ್ಕಾರಂತ! ಹೋಗಾಕ ನಾಕೂವರಿ ತಾಸು, ಬರಾಕ ನಾಕೂವರಿ ತಾಸು. ಹೆಂಗ ಹೊಕ್ಕಾರ?”

“ನಾಳೆ ಹೋಗಲಿ. ನಮ್ಮ ಮನ್ಯಾಗ ಇರ್ತಾರ.”

“ನಾಳೆ ಹನ್ನೊಂದಕ್ಕ ಮುಂಬಯಿದಾಗ ಅವರ ಭಾಷಣ ಐತಿ ಅಜ್ಜಾ. ಇದ ಕೆರಿ ಮ್ಯಾಲೆ. ಇಪ್ಪತ್ತು ವರ್ಷ ಬರದಾರ, ಒಮ್ಮೀನೂ ಕಣ್ಣಿಲೆ ನೋಡಿಲ್ಲಂತ. ನೋಡದ ಹೆಂಗ ಮಾತಾಡಲಿ ಅಂತ ಬರಾಕತ್ತಾರ. ಈಗ ಫೋನ್ ಬಂದ್ ಐತಿ, ವಿಮಾನ ಏರಿತು.”

ಗೈಬುಸಾಬ ಚಹಾದ ಬಟ್ಟಲು ಕೆಳಗಿಟ್ಟು ನಕ್ಕ. “ಅಯ್ಯಾರ, ಶ್ರೀಶೈಲದ ದಾರಿಗೆ ಮುಂಬಯಿದವರನ್ನ ಹಚ್ಚೀರಲ್ರಿ!”

ಅಯ್ಯನವರು ನಗಲಿಲ್ಲ. ಒಬ್ಬರ ಕಾಲಿಗೆ ಬಲ ಬರಲೆಂದು ಆಡುವ ಮಾತು ಇನ್ನೊಬ್ಬರ ದಿನವನ್ನೇ ಕೆಡಿಸಿತಲ್ಲ ಎಂದು ಅವರಿಗೆ ಹೊಳೆದದ್ದು ಆಗಲೇ. ಹಣೆಯ ವಿಭೂತಿಯ ಮೇಲೆ ಬೆವರು ಒಡೆಯಿತು. “ಕಾವ್ಯಾ, ಬ್ಯಾರೆ ಏನರ ದಾರಿ ಐತೇನು ನೋಡು. ಆಕಿಗೆ ಹೇಳೂದು ಮಾತ್ರ ನನಗ ಬಿಡು.”

“ನೀ ಏನ ಹೇಳ್ತಿ?”

“ದೂರ ಐತಿ ಅಂತ ಹೇಳ್ತೀನಿ,” ಎಂದರು ಅಯ್ಯನವರು. ಆ ಮಾತು ಅವರ ಬಾಯಿಗೇ ಹೊಸದಾಗಿ ಕೇಳಿಸಿತು.

*

ವಿಮಾನ ಇಳಿಯುವುದನ್ನು ಅವರು ನೋಡಲೇ ಇಲ್ಲ. ಅದು ಇಳಿದಾಗ ಕಂಬದ ಮರೆಯಲ್ಲಿ ನಿಂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು. ‘ನೀಲಾ’ ಎಂದು ಕಾವ್ಯಾ ಬರೆದುಕೊಟ್ಟ ರಟ್ಟು ಗೈಬುಸಾಬನ ಕೈಯಲ್ಲಿತ್ತು.

ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಾಗದ ತುಂಬಿದ ಬಟ್ಟೆಯ ಚೀಲ. ಅರವತ್ತರ ಮೇಲಿನ ನೀಲಾತಾಯಿ ಮೊಣಕಾಲು ನೋವಿನಿಂದ ಒಂದೊಂದೇ ಹೆಜ್ಜೆ ಅಳೆದು ಇಡುತ್ತ ಬಂದರೂ ಮುಖದ ತುಂಬ ನಗು ಇತ್ತು.

“ನೀವೇ ಏನ್ರಿ ಫೋನಿನ್ಯಾಗ ಮಾತಾಡಿದ ಅಜ್ಜ? ಧ್ವನಿ ಮ್ಯಾಲೆ ಗೊತ್ತಾತು. ನಡೀರಿ ಹಂಗಾದ್ರ. ಎಷ್ಟು ಹೊತ್ತಿನ ದಾರಿ?”

“ಇಲ್ಲೇ...” ಎಂದುಬಿಟ್ಟರು ಅಯ್ಯನವರು.

ಗೈಬುಸಾಬ ಜೋರಾಗಿ ಕೆಮ್ಮಿದ.

ಅಯ್ಯನವರು ಕಣ್ಣು ಮುಚ್ಚಿ ತೆರೆದರು. “ಇಲ್ಲ ತಾಯಿ. ದೂರ ಐತ್ರಿ. ನೂರಾ ತೊಂಬತ್ತು ಕಿಲೋಮೀಟರ. ಸಂಜಿ ವಿಮಾನಕ್ಕ ತಿರುಗಿ ಬರಾಕ ಆಗೂದಿಲ್ಲ. ತಪ್ಪು ನನ್ನದು. ಹುಡುಗಿದಲ್ಲ, ಗಾಡಿಯವಂದೂ ಅಲ್ಲ.”

ನೀಲಾತಾಯಿಯ ನಗು ಮೆಲ್ಲಗೆ ಇಳಿಯಿತು. ಪಕ್ಕದ ಬೆಂಚಿನ ಮೇಲೆ ಕೂತರು. “ಯಾಕ ಹಂಗ ಹೇಳಿದ್ರಿ ಮತ್ತ?”

ಅಯ್ಯನವರು ಶ್ರೀಶೈಲದ ದಾರಿಯ ನಡಾವಳಿಯನ್ನು ಬಿಡಿಸಿ ಹೇಳಿದರು. ಕೈ ಮುಗಿದು ನಿಂತೇ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರು.

“ಅಲ್ರಿ ಅಜ್ಜ, ನಾ ಏನು ನಡಕೊಂತ ಬಂದಿದ್ನೇನು? ವಿಮಾನದಾಗ ಬಂದೀನಿ!”

“ಅದ ನನಗ ತಿಳೀಲಿಲ್ರಿ. ದಾರಿ ಅಂದ್ರ ದಾರಿ ಅಂದ್ಕೊಂಡೆ.”

ಅಷ್ಟರಲ್ಲಿ ಕಾವ್ಯಾ ಫೋನಿನಲ್ಲಿ ಬಂದಳು. ವಿಜಯಪುರದಿಂದ ಮುಂಬಯಿಗೆ ರಾತ್ರಿ ಎಂಟು ಗಂಟೆಗೆ ಮಲಗುವ ಬಸ್ಸಿದೆ, ಕೆಳಗಿನ ಜಾಗ ಹಿಡಿದಿದ್ದೇನೆ, ಬೆಳಿಗ್ಗೆ ಏಳಕ್ಕೆ ಮುಟ್ಟುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. ಬರುವುದು ಬೇಡವೆಂದರೆ ಇಲ್ಲೇ ಬೆಳಗಾವಿಯಲ್ಲಿ ಸಂಜೆಯವರೆಗೆ ಇರಲು ಕೋಣೆ ನೋಡುತ್ತೇನೆ ಎಂದಳು. ನೀಲಾತಾಯಿ ತಮ್ಮ ಮೊಣಕಾಲನ್ನು ನೋಡಿಕೊಂಡರು. ಈಗ ನಾಲ್ಕೂವರೆ ತಾಸು ಗಾಡಿ, ಆಮೇಲೆ ಇಡೀ ರಾತ್ರಿ ಬಸ್ಸು. ಇಲ್ಲವೇ, ಕೆರೆಯನ್ನು ಕಾಣದೆಯೇ ಮರಳಿ ಹೋಗಿ, ಕಂಡವರಂತೆ ಮಾತಾಡುವುದು.

“ಅಜ್ಜ, ಕೆರಿಯಾಗ ನೀರು ಅದ ಏನು? ಇದನ್ನ ಮಾತ್ರ ಖರೇ ಹೇಳ್ರಿ.”

“ಐತ್ರಿ. ಮೊನ್ನೆ ನೀವು ಬರ್ತೀರಿ ಅಂತ ಬಸ್ಸಿಗೆ ಹೋಗಿ ನೋಡಿ ಬಂದೀನಿ.”

ಆಕೆ ಕೋಲು ಊರಿ ಎದ್ದರು. “ನಡೀರಿ.”

*

ಅಂದು ಅಯ್ಯನವರು ಪ್ರಾಯಶ್ಚಿತ್ತಕ್ಕೆ ನಿಂತವರಂತೆ ಖರೆ ಹೇಳತೊಡಗಿದರು. ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಕಂಡ ಕಿಲೋಮೀಟರಿನ ಕಲ್ಲನ್ನೆಲ್ಲ ಗಟ್ಟಿಯಾಗಿ ಓದಿದರು. “ಇನ್ನ ನೂರಾ ಅರವತ್ತೆರಡು ಐತ್ರಿ ತಾಯಿ.” ಹತ್ತು ನಿಮಿಷಕ್ಕೆ, “ನೂರಾ ಐವತ್ಮೂರು.”

“ಅಯ್ಯಾರ, ಆ ಕಲ್ಲು ನನಗೂ ಕಾಣ್ತಾವ್ರಿ,” ಎಂದ ಗೈಬುಸಾಬ.

“ನಿನಗಲ್ಲಲೇ ಹೇಳಾಕತ್ತಿದ್ದು.”

ಹೊತ್ತು ಏರಿತು. ಗೈಬುಸಾಬನ ಹೆಂಡತಿ ಹಾಜಿರಾಬಿ ಕಟ್ಟಿ ಕಳಿಸಿದ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರನ್ನು ಗಿಡದ ನೆರಳಿನಲ್ಲಿ ಮೂವರೂ ಉಂಡರು. ನೀಲಾತಾಯಿ ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡರು. ಮಹಾಲಿಂಗಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು. ಒಂದೊಂದರ ಹಿಂದೂ ಕಬ್ಬು ಹೇರಿದ ಎರಡೆರಡು ಡಬ್ಬಿ, ಒಂದೊಂದರಲ್ಲೂ ಹಿಂದಿನಿಂದ ಬರುವವರಿಗೆ ದಾರಿ ಬಿಡಬಾರದೆಂಬ ಹಟದ ಹಾಡು. ಗಾಡಿ ನಡಿಗೆಯ ವೇಗಕ್ಕೆ ಬಂತು.

ಜಮಖಂಡಿ ಬಿಟ್ಟಾಗ ಮೂರು ಗಂಟೆ. ನೀಲಾತಾಯಿ ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದಿದ್ದರು. ಅಯ್ಯನವರು ಕನ್ನಡಿಯಲ್ಲಿ ಆ ಮುಖ ನೋಡಿದರು, ಮುಂದಿನ ಕಲ್ಲನ್ನೂ ನೋಡಿದರು. ಗಂಟಲು ಸರಿಪಡಿಸಿಕೊಂಡರು. “ಇನ್ನ ನಲವತ್ತೊಂದು...”

“ಸಾಕು ಬಿಡ್ರಿ ಅಜ್ಜ,” ಎಂದರು ಆಕೆ. “ಖರೆ ಕೇಳಿ ಕೇಳಿ ಕಾಲು ಮತ್ತಷ್ಟು ನೋಯಾಕತ್ತದ. ಫೋನಿನ್ಯಾಗ ಹೇಳಿದ್ರಲ್ಲ, ಹಂಗ ಹೇಳ್ರಿ.”

ಅಯ್ಯನವರು ನಂಬಲಾರದೆ ಹಿಂದೆ ತಿರುಗಿದರು. “ಹಂಗ ಹೇಳಲ್ಯಾ?”

“ಹೇಳ್ರಿ. ನಾನೀಗ ನಡಿಯೋರ ಪೈಕಿ.”

ಅವರ ಮುಖ ಬಿಚ್ಚಿಕೊಂಡಿತು. ಬೆಳಗಿನಿಂದ ಬಿಗಿದಿದ್ದ ಹೆಗಲು ಇಳಿಯಿತು. “ಇಲ್ಲೇ ಐತ್ರಿ ತಾಯಿ! ಹೊಳಿ ದಾಟೂದು ಒಂದು, ಬಬಲೇಶ್ವರ ಒಂದು. ಮುಗೀತು. ಹೊಂಟ್ರ ಮುಟ್ಟಿದಾಂಗ!”

ಗೈಬುಸಾಬ ನಕ್ಕು ಗಾಡಿಯ ವೇಗ ಏರಿಸಿದ. ಅಯ್ಯನವರು ತಮ್ಮ ಮೊದಲ ವರ್ಷದ ನಡಿಗೆಯ ಕಥೆ ತೆಗೆದರು. ಆರನೆಯ ದಿನ ಕಾಲು ಸೋತು ಕೂತ ಅವರಿಗೆ ರುದ್ರವ್ವ ಎಂಬ ಮುದುಕಿ ‘ಇಲ್ಲೇ ಕಾಣಸ್ತೈತಿ ನೋಡು, ಆ ಗುಡ್ಡದ ಹಿಂದ’ ಎಂದಿದ್ದಳಂತೆ. ಅಂಥ ಗುಡ್ಡ ಹದಿನಾಲ್ಕು ಬಂದವಂತೆ. ಮರಳಿ ಬರುವಾಗ ಆಕೆಯೊಡನೆ ಜಗಳ ತೆಗೆಯಲೇಬೇಕೆಂದು ಹೋದರೆ, ಮುದುಕಿ ಯಾರದೋ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಳು.

“ಜಗಳಾಡಿದ್ರೇನು ಮತ್ತ?”

“ಎಲ್ಲಿದು ತಾಯಿ! ನಾನೂ ಕುಂತು ಇನ್ನೊಂದು ಕಾಲಿಗೆ ಹಚ್ಚಿದೆ.”

ನೀಲಾತಾಯಿ ನಗುನಗುತ್ತ ಕೃಷ್ಣೆಯ ಸೇತುವೆ ದಾಟಿದ್ದನ್ನೇ ಮರೆತರು.

*

ಮಮದಾಪುರ ಮುಟ್ಟಿದಾಗ ನಾಲ್ಕೂ ಕಾಲು. ಊರು ದಾಟಿ ಏರಿಯ ಬುಡಕ್ಕೆ ಗಾಡಿ ನಿಂತಿತು. ಅಲ್ಲಿಂದ ಕೆರೆ ಕಾಣುವುದಿಲ್ಲ, ಏರಿ ಹತ್ತಬೇಕು. ನೀಲಾತಾಯಿ ಒಂದು ಕೈ ಗೈಬುಸಾಬನ ಭುಜಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಹತ್ತಿದರು. ಕಾಗದಗಳ ಚೀಲ ಅಯ್ಯನವರ ಎದೆಗಿತ್ತು.

ಮೇಲೆ ಬಂದದ್ದೇ ಆಕೆ ಗೈಬುಸಾಬನ ಭುಜ ಬಿಟ್ಟು, ಕೋಲು ಊರಿ ನಿಂತರು.

ಆದಿಲಶಾಹಿ ಕಾಲದ ಕೆರೆ ಸಂಜೆಯ ಬಿಸಿಲಿನಲ್ಲಿ ತುಂಬಿ ಮಲಗಿತ್ತು. ಅಂಚಿನ ಕಲ್ಲುಗಳ ಮೇಲೆ ಇಬ್ಬರು ಹೆಂಗಸರು ಅರಿವೆ ಒಗೆಯುತ್ತಿದ್ದರು. ಎಮ್ಮೆಗಳು ಮೂಗಷ್ಟೇ ಹೊರಗಿಟ್ಟು ಧ್ಯಾನಕ್ಕೆ ಕೂತಂತಿದ್ದವು. ಆಚೆ ದಂಡೆಯ ಹಸಿರು ಜೋಳದ ಹೊಲಗಳಿಂದ ಬೆಳ್ಳಕ್ಕಿಯ ಒಂದು ಹಿಂಡು ಎದ್ದು ನೀರ ಮೇಲೆ ಹಾಯ್ದು ಹೋಯಿತು.

“ಇಷ್ಟು ದೊಡ್ಡದು ಅಂತ ಗೊತ್ತಿತ್ತು,” ಎಂದರು ನೀಲಾತಾಯಿ ಮೆಲ್ಲಗೆ. “ಅಳತಿ ಎಲ್ಲಾ ಬಾಯಿಪಾಠ ಅದ. ಆದ್ರ ಹಿಂಗ ಇರ್ತದಂತ ಗೊತ್ತಿರಲಿಲ್ಲ.”

ಆಕೆ ಒಂದೊಂದೇ ಕಲ್ಲು ಇಳಿದು ನೀರಿನ ಹತ್ತಿರ ಕೂತು, ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ನೀರಿಗೆ ಬಿಟ್ಟರು. ಅರಿವೆ ಒಗೆಯುತ್ತಿದ್ದವಳೊಬ್ಬಳು ಕೈ ನಿಲ್ಲಿಸಿ ಕೇಳಿದಳು: “ಯಾರ ಮನೀಗೆ ಬಂದೀರಿ ಬೇ?”

“ಈ ಕೆರೀಗೇ ಬಂದೀನವ್ವಾ.”

“ಕೆರೀಗಾ? ಹಂಗಾರ ಅತ್ತಾಗ ಸರದು ಕುಂಡ್ರಿ, ಸಬಕಾರದ ನೀರು ಬರತೈತಿ.”

ಆಕೆ ಸರಿದು ಕೂತರು. ಗೈಬುಸಾಬ ಬಕೆಟ್ಟು ತಂದು ಗಾಡಿಯ ಗಾಜಿನ ಮೇಲಿನ ಕಬ್ಬಿನ ಧೂಳು ತೊಳೆಯಲು ನೀರು ತುಂಬಿಕೊಂಡ. ಅವನಿಗೂ ಅದೇ ಹೆಂಗಸಿನಿಂದ ಬೈಗುಳ ಸಿಕ್ಕಿತು. ಅಯ್ಯನವರು ಮೇಲಿನ ಕಲ್ಲಿನ ಮೇಲೆ ಚೀಲ ತೆರೆದು, ಗಾಳಿಗೆ ಹಾರದಿರಲೆಂದು ಕಾಗದಗಳ ಮೇಲೆ ಕೈಯಿಟ್ಟು ಕಾವಲು ಕೂತಿದ್ದರು. ಬೆಳ್ಳಕ್ಕಿಗಳು ಎರಡನೆಯ ಸಲ ಹಾಯ್ದಾಗ ಕತ್ತೆತ್ತಿ ನೋಡಿದರು. ಅಷ್ಟೇ ಸಾಕಾಯಿತು. ಒಂದು ಹಾಳೆ ಕೈಯಡಿಯಿಂದ ಜಾರಿ, ಗಾಳಿಯಲ್ಲಿ ಮೂರು ಸುತ್ತು ಹೊಡೆದು, ಕೆರೆಯ ಮೇಲೆ ಹೋಗಿ ಕೂತಿತು.

“ಅಯ್ಯ ನನ್ನ ಕರ್ಮವೇ!” ಎಂದು ಅಯ್ಯನವರು ಧೋತರ ಎತ್ತಿ ಕಟ್ಟುತ್ತ ನೀರಿಗಿಳಿಯಲು ಓಡಿದರು. ಮೊಣಕಾಲಿನ ತನಕ ಇಳಿದೂ ಬಿಟ್ಟರು.

ನೀಲಾತಾಯಿ ಅವರ ಧೋತರದ ಚುಂಗು ಹಿಡಿದು ನಿಲ್ಲಿಸಿದರು. ತೇಲುತ್ತಿದ್ದ ಹಾಳೆಯ ಅಕ್ಷರವನ್ನು ದೂರದಿಂದಲೇ ಗುರುತು ಹಿಡಿದು ನಗತೊಡಗಿದರು.

“ಬಿಡ್ರಿ ಅಜ್ಜ, ಹೋಗಲಿ. ಈ ಕೆರಿ ಈಗ ಯಾರ ಕೆಲಸಕ್ಕೂ ಬರೂದಿಲ್ಲ ಅಂತ ಬರದಿದ್ದೆ ಅದರಾಗ.”

ಒಂದು ಎಮ್ಮೆ ಹಾಳೆಯತ್ತ ಮೂಗು ಚಾಚಿ, ಮೂಸಿ, ಬೇಡವೆಂದು ತಲೆ ಕೊಡವಿತು. ಅರಿವೆ ಒಗೆಯುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಏರಿಯ ಆಚೆಯಿಂದ ಗೈಬುಸಾಬ ಹಾರನ್ ಹೊಡೆದು, ಬಸ್ಸಿಗೆ ಹೊತ್ತಾಗುತ್ತದೆಂದು ಕೂಗಿದ.

“ಇನ್ನ ಅರ್ಧ ತಾಸು ಅದ,” ಎಂದು ಆಕೆಯೂ ಕೂಗಿ ಹೇಳಿದರು. ಚೀಲದಿಂದ ಒಂದು ಖಾಲಿ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಾಲನ್ನು ನೀರಿನಲ್ಲೇ ಬಿಟ್ಟು ಬರೆಯಲು ಕೂತರು. ಅಯ್ಯನವರು ಒದ್ದೆ ಧೋತರದಲ್ಲೇ ಪಕ್ಕಕ್ಕೆ ಕೂತು, ಬೊಗಸೆ ನೀರು ತೆಗೆದುಕೊಂಡು ಮುಖ ತೊಳೆದು, ಎದೆಯ ಮೇಲಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಅಂಗೈಗೆ ತಂದುಕೊಂಡರು. ಆಕೆ ಬರೆಯುತ್ತಲೇ ಸ್ವಲ್ಪ ಅತ್ತ ಸರಿದು, ಅವರ ಸಂಜೆಯ ಪೂಜೆಗೆ ಬೇಕಾದಷ್ಟು ಜಾಗ ಬಿಟ್ಟರು.