ತಮ್ಮನ ಹೆಸರಲ್ಲಿ ಆಡಿದವನು

ತೋಳು ಸೆಟೆದುಕೊಂಡಿತ್ತು. ಆರ್ಲಿನ್ ತನ್ನ ಸತ್ತ ಅಣ್ಣನ ಮೊಣಕೈಯನ್ನು ಮಡಿಸಲು ಎರಡು ಸಲ ನೋಡಿದ; ಆಗಲಿಲ್ಲ. ಕೊನೆಗೆ ಆರ್ಲಿನ್‌ನ ಹೆಂಡತಿ ಯಾದಿರಾ ಕತ್ತರಿ ತಂದು, ಹಳದಿ ಫುಟ್‌ಬಾಲ್ ಜೆರ್ಸಿಯನ್ನು ಹಿಂದಿನಿಂದ ಸೀಳಿ ಹೆಣಕ್ಕೆ ತೊಡಿಸಿದಳು.

"ಬೆನ್ನ ಮೇಲೆ ಯಾರ ಹೆಸರಿದೆ ನೋಡಿದ್ಯಾ? ನಿನ್ನದೇ. ನಿನ್ನ ಹೆಣಕ್ಕೆ ನೀನೇ ಅಂಗಿ ಹಾಕ್ತಿದೀಯ."

"ಮೆಲ್ಲಗೆ ಮಾತಾಡೇ. ಕ್ಲಬ್‌ನವರು ಹೊರಗೇ ಇದಾರೆ."

"ಹನ್ನೆರಡು ವರ್ಷದಿಂದ ಮೆಲ್ಲಗೇ ಮಾತಾಡಿದೀನಲ್ಲ, ಇನ್ನೂ ಎಷ್ಟು ಮೆಲ್ಲಗೆ?"

ಕ್ಲಬ್‌ನವರು ಕ್ವಿಟೋದಿಂದ ತಮ್ಮ ಹಳೆಯ ಆಟಗಾರನಿಗೆ ಹೊದಿಸಲು ಬಾವುಟ ತಂದಿದ್ದರು. ಆಸ್ಪತ್ರೆಯವರು ಕೊಟ್ಟ ಸಾವಿನ ಕಾಗದ ಅವ್ವ ನತಿವಿದಾದಳ ರವಿಕೆಯೊಳಗಿತ್ತು: ಆರ್ಲಿನ್ ಮಿನಾ, ವಯಸ್ಸು ಮೂವತ್ತಾರು. ನಾಳೆ ಅದನ್ನು ಕಚೇರಿಗೆ ಒಪ್ಪಿಸುವ ಕೆಲಸವನ್ನೂ ಕ್ಲಬ್‌ನವರೇ ವಹಿಸಿಕೊಂಡಿದ್ದರು. ಆಮೇಲೆ ಸರ್ಕಾರದ ಲೆಕ್ಕದಲ್ಲಿ ಆರ್ಲಿನ್ ಸತ್ತಂತೆ. ನಿಜವಾಗಿ ಸತ್ತಿರುವ ಅಣ್ಣ ತೊರಿಬಿಯೊ, ನಲವತ್ತೊಂದು ವರ್ಷದವನು, ಬದುಕಿದ್ದಂತೆ.

*

ಆಟಗಾರರನ್ನು ಹುಡುಕಿಕೊಂಡು ಒಬ್ಬ ದಲ್ಲಾಳಿ ದೋಣಿಯಲ್ಲಿ ಬಂದಾಗ ತೊರಿಬಿಯೊಗೆ ಇಪ್ಪತ್ತೆರಡು. ಮೈದಾನದ ನಡುವೆ ನಿಂತು, ತಲೆ ಎತ್ತದೆಯೇ ಎಲ್ಲಿಗೆ ಬೇಕಾದರೂ ಚೆಂಡು ಕಳಿಸುತ್ತಿದ್ದ. ದಲ್ಲಾಳಿ ತಲೆಯಾಡಿಸಿದ. "ಹದಿನೆಂಟರೊಳಗಿನವರು ಬೇಕು. ಇವನಿಗೆ ತಮ್ಮ ಇದ್ದಾನಾ?"

ಅವ್ವ ಪೆಟ್ಟಿಗೆಯಿಂದ ಆರ್ಲಿನ್‌ನ ಜನನಪತ್ರ ತೆಗೆದುಕೊಟ್ಟಳು. "ಎರಡು ವರ್ಷ ಕಣೋ, ಆಮೇಲೆ ವಾಪಸ್ ತರ್ತಾನೆ," ಎಂದಳು ಆರ್ಲಿನ್‌ಗೆ. ಆ ಓಣಿಯಲ್ಲಿ ಹಾಗೆ ಹೋದವರು ಇನ್ನೂ ಇಬ್ಬರಿದ್ದರು. ಯಾರಿಗೂ ಅದು ದೊಡ್ಡ ತಪ್ಪೆನಿಸಲಿಲ್ಲ.

ಎರಡು ವರ್ಷ ಹತ್ತೊಂಬತ್ತಾಯಿತು. ಮೊದಲು ಕ್ವಿಟೋ, ಆಮೇಲೆ ಮೆಕ್ಸಿಕೋ, ಬಲ್ಗೇರಿಯಾ. ಕಾಗದವಿಲ್ಲದ ಆರ್ಲಿನ್ ಶಾಲೆಯ ಕೊನೆಯ ಪರೀಕ್ಷೆಗೆ ಕೂರಲಾಗಲಿಲ್ಲ. ಮ್ಯಾಂಗ್ರೋವ್ ಬೇರುಗಳ ಕೆಳಗೆ ಕೆಸರಲ್ಲಿ ಕೈಯಿಟ್ಟು ಕಪ್ಪೆಚಿಪ್ಪು ಹೆಕ್ಕಿದ. ಯಾದಿರಾಳನ್ನು ಕರೆತಂದ, ಮದುವೆ ಬರೆಸಲಾಗಲಿಲ್ಲ. ಮಗಳಿಗೆ ತಾಯಿಯ ಮನೆತನದ ಹೆಸರೇ ಆಯಿತು.

ಒಮ್ಮೆ ಮೆಕ್ಸಿಕೋದಿಂದ ಫೋನಿನಲ್ಲಿ ತೊರಿಬಿಯೊ ನಕ್ಕಿದ್ದ. "ಆರ್ಲಿನ್ ಅಂತ ಕೂಗ್ತಾರೆ, ನಾನು ಅಲ್ಲೇ ನಿಂತಿರ್ತೀನಿ. ಕೋಚು ನನಗೆ ಕಿವುಡು ಅಂದ್ಕೊಂಡು ಡಾಕ್ಟರ ಹತ್ರ ಕಳಿಸಿದ್ನಪ್ಪ!"

*

ಅಂಗಳದಲ್ಲಿ ಮೀನಿನ ಸಾರಿಗೆ ಹೆಂಗಸರು ಬಾಳೆಕಾಯಿ ಸುಲಿಯುತ್ತಿದ್ದರು.

"ಎಷ್ಟು ಗೋಲು ಹೊಡೆದ ಒಟ್ಟು?"

"ಎರಡು. ಒಂದು ತನ್ನ ಕಡೆಯ ಬಲೆಗೇ."

"ಥೂ, ಸತ್ತವರ ಮುಂದೆ!"

"ಸುಳ್ಳಾ? ಅವನೇ ಹೇಳ್ತಿದ್ದ. ಹೊಡೆಯೋರ ಕಾಲಿಗೆ ಚೆಂಡು ಕೊಟ್ಟೇ ಮುಗಿಸಿದ ಜೀವ."

ಸಾವಿನ ಹಾಡು ಹೇಳುವ ಎಸ್ಕೊಲಾಸ್ತಿಕಾ ಅಜ್ಜಿ ಕೋಲೂರಿಕೊಂಡು ಒಳಗೆ ಬಂದಳು. ಶವಪೆಟ್ಟಿಗೆ ಮುಚ್ಚುವ ಮುನ್ನ ಸತ್ತವರ ಹೆಸರನ್ನು ಮೂರು ಸಲ ಕೂಗಿ ಕಳಿಸಿಕೊಡುವವಳು ಅವಳೇ. ಆ ಹೆಸರಿನ ಬೇರೆಯವರು ಯಾರಾದರೂ ಇದ್ದರೆ ಆಗ ದೂರ ಹೋಗಬೇಕು. ಕಿವಿಗೆ ಬಿದ್ದು ತಿರುಗಿ ನೋಡಿದರೆ ಸತ್ತವರ ಜೊತೆ ಅವರೂ ಹೊರಟುಬಿಡುತ್ತಾರೆಂಬ ಭಯ.

"ಈ ಇಬ್ಬರನ್ನೂ ಹೆಸರಿಡೋ ಜ್ಞಾನಸ್ನಾನದಲ್ಲಿ ಎತ್ಕೊಂಡವಳು ನಾನು," ಎಂದಳು ಅಜ್ಜಿ. "ಯಾವ ಹೆಸರು ಕೂಗಲಿ?"

"ತೊರಿಬಿಯೊ," ಎಂದಳು ಯಾದಿರಾ. "ಇನ್ಯಾವುದು?"

ಅವ್ವ ಬಾಗಿಲು ಎಳೆದುಕೊಂಡಳು. "ಬಾವುಟದವರು ಕೇಳಿಸ್ಕೋತಾರೆ. ಅವನ ಆಟ ಎಲ್ಲಾ ಸುಳ್ಳು ಅಂತ ಪುಸ್ತಕದಿಂದ ಅಳಿಸ್ತಾರೆ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಅದೊಂದೇ ಇದ್ದದ್ದು ನನ್ನ ಕಂದಂಗೆ."

"ಮತ್ತೆ ನಾನು, ಅವ್ವ?"

"ನೀನು ಬದುಕಿದೀಯಲ್ಲ ಮಗಾ."

ಆರ್ಲಿನ್ ಪೆಟ್ಟಿಗೆಯ ಕಡೆ ನೋಡಿದ. ಕಳೆದ ಗುರುವಾರ ಆಸ್ಪತ್ರೆಯಲ್ಲಿ ನರ್ಸು ಬಾಗಿಲಲ್ಲೇ ನಿಂತು, "ಆರ್ಲಿನ್," ಎಂದಿದ್ದಳು. ಅವನು ಸ್ಟೂಲಿನಿಂದ ಏಳುವಷ್ಟರಲ್ಲಿ ಹಾಸಿಗೆಯ ಮೇಲಿದ್ದ ಅಣ್ಣ, ಕಣ್ಣು ಮುಚ್ಚಿಕೊಂಡೇ, "ಇದೀನಿ," ಅಂದುಬಿಟ್ಟಿದ್ದ.

"ನನ್ನದನ್ನೇ ಕೂಗಿ ಅಜ್ಜಿ," ಎಂದ ಆರ್ಲಿನ್.

"ಥೂ ನಿನ್ನ! ಮಗಳಿಗೆ ಏನು ಹೇಳ್ತೀಯೋ?" ಯಾದಿರಾ ಅವನ ಎದೆಗೆ ಗುದ್ದಿದಳು. ಅವನು ಮೆಟ್ಟಿಲಿಳಿದು, ಬಾವುಟದವರನ್ನು ದಾಟಿ ನದಿಯತ್ತ ನಡೆದ.

ನೀರು ಇಳಿದಿತ್ತು. ಕೆಸರು ಮೊಣಕಾಲಿಗೆ ಬರುವವರೆಗೂ ಹೋದ. ಆದರೆ ಅಜ್ಜಿಯದು ಆಚೆ ದಡಕ್ಕೂ ಮುಟ್ಟುವ ಗಂಟಲು. ಮೊದಲ ಕೂಗು ನೆಟ್ಟಗೆ ಅವನ ಬೆನ್ನಿಗೇ ಬಂದು ತಾಗಿತು. ಹಿಂದೆ ಕೆಸರು ಪಚಪಚ ಎಂದಿತು. ಯಾದಿರಾ ಏದುಸಿರು ಬಿಡುತ್ತ ಬಂದು ಎರಡೂ ಅಂಗೈಯಿಂದ ಅವನ ಕಿವಿ ಮುಚ್ಚಿದಳು. ಎರಡನೆಯದು ಅವಳ ಬೆರಳುಗಳ ಸಂದಿಯಲ್ಲಿ ಗುಂಯ್‌ಗುಟ್ಟಿತು.

ಮೂರನೆಯದಕ್ಕೆ ಅವನ ತಲೆ ತಾನಾಗಿಯೇ ಮನೆಯ ಕಡೆ ಹೊರಳತೊಡಗಿತು. ಯಾದಿರಾ ಅದನ್ನು ಬಿಗಿಯಾಗಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ, ನೀರಿನ ಕಡೆಗೇ ನಿಲ್ಲಿಸಿಕೊಂಡಳು.