ಕಣ್ಣಿನ ಕೆಳಗಿನ ನೆಲ

ಪೇಂಟರ್‌ಗಳಿಗೆ ಒಂದು ಚಟ. ಏಣಿಯ ಮೇಲೆ ನಿಂತವರು ಕೆಳಗಿಳಿಯುವುದಿಲ್ಲ. ಸೊಂಟ ಆಡಿಸುತ್ತ, ಏಣಿಯನ್ನೇ ನಡೆಸಿಕೊಂಡು ಪಕ್ಕದ ಗೋಡೆಗೆ ಹೋಗುತ್ತಾರೆ. ನಮ್ಮ ಬೀದಿಯ ಪೇಂಟರ್ ಹಾಗೆ ಹೋಗುತ್ತಿದ್ದಾಗ ಏಣಿ ಮುಗ್ಗರಿಸಿತು. ಅವನ ಕೆನ್ನೆ ಕಿಟಕಿಯ ಅಂಚಿಗೆ ಬಡಿಯಿತು.

ಮುಖ ಊದಿಕೊಂಡಿತು. ಕೆಲವು ದಿನಗಳಲ್ಲಿ ಇಳಿಯಿತು.

"ನೋಡು, ಬಾವು ಇಳೀತು. ಮೂಳೆ ಮುರಿದಿದ್ರೆ ಊಟ ಅಗಿಯೋಕಾಗ್ತಿತ್ತಾ?" ಎಂದ ಹೆಂಡತಿಗೆ.

"ಊಟದ ವಿಷಯ ಬಿಡಿ. ಗಡ್ಡ ಕೆರೀವಾಗ ತುಟಿ ಮೇಲೆ ಕುಯ್ಕೊಂಡಿದೀರ. ರಕ್ತ ಸುರೀತಿದೆ, ಗೊತ್ತೇ ಆಗ್ಲಿಲ್ವಾ?"

ಮುಟ್ಟಿ ನೋಡಿಕೊಂಡ. ಬೇರೆ ಯಾರದೋ ತುಟಿಯನ್ನು ಮುಟ್ಟಿದಂತಿತ್ತು. ಆದರೂ ಕೆಲಸಕ್ಕೆ ಹೊರಟ.

ಪುಟ್ಟಿ ಬಳಿದ ಗೋಡೆ ನುಣುಪಾಗಲೆಂದು ಉಜ್ಜಿದರೆ ಮೂಗಿನ ತುಂಬ ಬಿಳಿ ಧೂಳು. ಸಂಜೆ ಬಚ್ಚಲಲ್ಲಿ ನಿಂತು, ದಿನಾ ಮಾಡುವಂತೆ, ಜೋರಾಗಿ ಮೂಗು ಸೀಟಿದ. ಅಷ್ಟೇ. ಕಣ್ಣಿನ ರೆಪ್ಪೆ ಗಾಳಿ ತುಂಬಿದ ಚೀಲದಂತೆ ಉಬ್ಬಿ ಮುಚ್ಚಿಕೊಂಡಿತು. ಹೆಂಡತಿ ಕೂಗಿದ ಸದ್ದಿಗೆ ಪಕ್ಕದ ಮನೆಯ ನರ್ಸ್ ಓಡಿಬಂದಳು. ಉಬ್ಬಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ ಬೆರಳು ಎತ್ತಿ ಹಿಡಿದಳು.

"ತಲೆ ಎತ್ತಬೇಡಿ ಭಾವ, ಕಣ್ಣಷ್ಟೇ ಮೇಲೆ. ಎಷ್ಟು ಬೆರಳು?"

"ಎರಡು."

"ನಾನು ಹಿಡಿದಿರೋದು ಒಂದೇ."

"ಒಂದಕ್ಕೆ ಎರಡು ಸಿಕ್ರೆ ಲಾಭ ಅಲ್ವಾ?"

ಯಾರೂ ನಗಲಿಲ್ಲ. ಅವನು ತಲೆ ತಗ್ಗಿಸಿದ. "ಪೆಟ್ಟಾದಾಗಿಂದ ಚಾವಣಿ ಅಂಚಿನ ಗೆರೇನೂ ಎರಡೆರಡು ಕಾಣ್ತಿದೆ ಕಣಮ್ಮ. ಬಾಯಿ ಬಿಟ್ರೆ ಇನ್ಯಾರು ನಂಗೆ ಕುಂಚ ಕೊಡ್ತಾರೆ?"

"ಅದಕ್ಕೇ ಮುಚ್ಚಿಟ್ರಾ?" ಹೆಂಡತಿ ಅವನ ತೋಳು ಹಿಡಿದೆಳೆದಳು. "ಏಳಿ ಮೊದ್ಲು."

"ಇನ್ಮೇಲೆ ಮೂಗು ಸೀಟಬೇಡಿ," ಎಂದು ನರ್ಸ್ ಅವನನ್ನು ಆಸ್ಪತ್ರೆಗೆ ಹೊರಡಿಸಿದಳು.

ಅಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಅದನ್ನು ನೋಡುವ ಡಾಕ್ಟರ್ ಪರದೆಯ ಮೇಲೆ ಅವನ ಮುಖದ ಚಿತ್ರ ತೋರಿಸಿದರು.

"ಎಕ್ಸ್‌ರೇ ಸಾಕಾಗ್ತಿರ್ಲಿಲ್ವಾ ಡಾಕ್ಟ್ರೇ?" ಎಂದ ಪೇಂಟರ್.

"ಮುಖದ ಮೂಳೆಗಳು ಒಂದರ ಹಿಂದೆ ಒಂದು ಅವಿತಿರ್ತವೆ. ಎಕ್ಸ್‌ರೇಲಿ ಎಲ್ಲಾ ಒಂದರ ಮೇಲೊಂದು ಬೀಳುತ್ವೆ. ಸಿ.ಟಿ. ಸ್ಕ್ಯಾನು ತೆಳ್ಳಗೆ ಹೋಳು ಮಾಡಿದ ಹಾಗೆ ತೋರ್ಸುತ್ತೆ. ಮೂಗು ಮುರಿದಿದೆಯಾ, ಕೆನ್ನೆ ಮೂಳೆ ಜರುಗಿದೆಯಾ, ದವಡೆ ಸೀಳಿದೆಯಾ, ಮೇಲ್ದವಡೆನೇ ಬಿಡಿಸಿಕೊಂಡಿದೆಯಾ, ಒಂದೊಂದಕ್ಕೂ ಬೇರೆ ದಾರಿ. ಯಾವ ಬಗೆ ಅಂತ ತಿಳಿಯದೆ ಕೈ ಹಾಕೋ ಹಾಗಿಲ್ಲ."

"ನಂದು ಯಾವ್ದು?"

"ಕಣ್ಣು ಕೂತಿರೋ ನೆಲ ಕಾಗದದಷ್ಟು ತೆಳು. ಅದರ ಕೆಳಗೆ ಮೂಗಿಗೆ ಸೇರಿಕೊಂಡಿರೋ, ಗಾಳಿ ತುಂಬಿದ ಖಾಲಿ ಕೋಣೆ. ಆ ನೆಲ ಕುಸಿದಿದೆ. ಕಣ್ಣನ್ನ ಆಡಿಸೋ ಸ್ನಾಯು ಬಿರುಕಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಎರಡೆರಡು ಕಾಣೋದು. ತುಟಿಗೆ ಹೋಗೋ ನರ ಆ ನೆಲದಲ್ಲೇ ಹಾದು ಹೋಗುತ್ತೆ, ಅದಕ್ಕೇ ಜೋಮು."

"ಅಂದ್ರೆ ಕೆಳಮನೆ ಚಾವಣಿ ಬಿದ್ದಿದೆ," ಎಂದ ಪೇಂಟರ್.

"ಸರಿಯಾಗಿ ಹೇಳಿದ್ರಿ! ನೀವು ಮೂಗು ಸೀಟಿದಾಗ ಕೆಳಮನೆ ಗಾಳಿ ಮೇಲಿನ ಮನೆಗೆ ನುಗ್ತು. ರಿಪೇರಿ ಆಗುತ್ತೆ. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು."

ಬೇಗನೆ ಆಪರೇಷನ್ ಆಯಿತು. ಸಿಕ್ಕಿದ್ದ ಸ್ನಾಯು ಬಿಡಿಸಿ, ಒಡೆದ ನೆಲಕ್ಕೆ ತೆಳು ತಗಡು ಕೂರಿಸಿದರು. ತುಟಿಯ ಜೋಮು ಪೂರ್ತಿ ಹೋಗಿಲ್ಲ. ಆದರೆ ಕಣ್ಣು ನಿಧಾನವಾಗಿ ಹತೋಟಿಗೆ ಬಂತು, ಅವನು ಮತ್ತೆ ಚಾವಣಿ ಬಳಿಯುತ್ತಿದ್ದಾನೆ. ಈಗ ಏಣಿ ಸರಿಸಬೇಕಾದರೆ ಕೆಳಗಿಳಿಯುತ್ತಾನೆ. ಕೆಲಸಕ್ಕೆ ಬಂದ ಹೊಸಬರು ನಗುತ್ತಾರೆ. "ನಗಿ, ನಗಿ. ನಗೋಕೆ ನಿಮ್ಮ ದವಡೆ ನೆಟ್ಟಗಿದೆಯಲ್ಲ," ಅನ್ನುತ್ತಾನೆ.

ಓದುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ಬಿದ್ದು ಮುಖಕ್ಕೆ ಪೆಟ್ಟಾಗಿದೆಯೇ? ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆಯೋ ತುಟಿಯೋ ಜೋಮು ಹಿಡಿದರೆ, ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡದಿದ್ದರೆ, ಅಂದೇ ಆಸ್ಪತ್ರೆಗೆ ಹೋಗಿ. ದೃಷ್ಟಿ ಮಸುಕಾದರೆ, ಎಚ್ಚರ ತಪ್ಪಿದರೆ, ವಾಂತಿಯಾದರೆ ಒಂದು ಗಳಿಗೆಯೂ ಕಾಯಬೇಡಿ. ಮೂಗು ಸೀಟಬೇಡಿ. ಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನೇ ಕೇಳಿ. ಬಾವು ಇಳಿದರೆ ಬಾವು ಇಳಿಯಿತು ಎಂದಷ್ಟೇ ಅರ್ಥ. ಒಳಗಿನ ಮೂಳೆಯ ಸಂಗತಿ ಕನ್ನಡಿಗೂ ಗೊತ್ತಿರುವುದಿಲ್ಲ.