ಬಾಗಿಲುವಾಡದ ಗುಳಿ

ಅಕ್ಕನ ಊರಿಂದ ಬಂದು ಬಸ್ಸಿಳಿದ ದ್ರಾಹೊಮೀರಾ ತನ್ನ ಮನೆ ಮುಂದೆ ಕಾಲು ಕೀಳಲಾರದೆ ನಿಂತುಬಿಟ್ಟಳು. ಹಳೆಯ ಬಾಗಿಲುವಾಡವೇ ಇರಲಿಲ್ಲ. ಅಲ್ಲಿ ಹೊಸ ಮರ, ಹಸಿ ಬಿಳಿ ಬಣ್ಣ. ಗಂಡ ಬೊಹುಮಿಲ್ ಕುಂಚ ಹಿಡಿದು, ಶಹಬ್ಬಾಸ್ ಅನ್ನಿಸಿಕೊಳ್ಳಲು ಹಲ್ಲುಕಿರಿದು ಕಾಯುತ್ತಿದ್ದ.

"ಹಳೇದೆಲ್ಲಿ?"

"ಸೌದೆ ಮಾಡ್ದೆ. ನಾಳೆ ಊರೆಲ್ಲ ಬಂದು, ಹಿಂದೆ ಇಲ್ಲಿದ್ದೋರ ನೆನಪಿಗೆ ಗೋಡೆಗೆ ಫಲಕ ಹಾಕ್ತಾರೆ. ನೀನು ನೋಡಿದ್ರೆ ಫೋನಲ್ಲಿ ಆ ಹೆಂಗಸಿಗೆ, ಗುಳಿ ಹಾಗೇ ಇದೆ ಅಂತಿದ್ದೆ. ಮಾನ ಹೋದಂಗಾಯ್ತು ನಂಗೆ."

"ಆ ಗುಳಿ ನೋಡೋಕೇ ಅಲ್ವೇನೋ ಮಾರಾಯ, ಆಕೆ ಅಷ್ಟು ದೂರದ ಹೈಫಾದಿಂದ ಬರ್ತಿರೋದು."

ಬೊಹುಮಿಲ್ ಒಮ್ಮೆ ಹಿತ್ತಲ ಕಡೆ ನೋಡಿ, ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದ.

ಬಾಗಿಲ ಬಲಗಡೆಯ ಮರದಲ್ಲಿದ್ದ ಬೆರಳುದ್ದದ ಓರೆ ಗುಳಿ ಅದು. ಪ್ರಾರ್ಥನೆಯ ಸುರುಳಿ ಇಡಲೆಂದು, ಹಿಂದೆ ಈ ಮನೆಯಲ್ಲಿದ್ದ ಯಹೂದಿಗಳಾದ ರೌಬೀಚೆಕ್ ಮನೆತನದವರು ಕೊರೆಸಿದ್ದರು. ಒಳಹೊರಗೆ ಓಡಾಡುವಾಗಲೆಲ್ಲ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಐವತ್ತು ವರ್ಷದ ಹಿಂದೆ, ನಾಜಿಗಳ ಕಾಲದಲ್ಲಿ, ಅವರನ್ನೆಲ್ಲ ಯಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಜಿನ್ ಘೆಟ್ಟೊಗೆ ಸಾಗಿಸಲಾಯಿತು. ಬದುಕುಳಿದದ್ದು ಪುಟ್ಟ ಮಗಳು ಎಡಿತಾ ಒಬ್ಬಳೇ. ಅಪ್ಪನ ಫೋಟೊ ಕೂಡ ಅವಳ ಬಳಿ ಇಲ್ಲ, ಇದ್ದದ್ದು ಆ ಗುಳಿಯ ನೆನಪು ಮಾತ್ರ. ದ್ರಾಹೊಮೀರಾ ವರ್ಷಗಟ್ಟಲೆ ಅದರ ಧೂಳು ಒರೆಸಿದ್ದಳು, ಎಡಿತಾಳ ಫೋನ್ ಬರುವವರೆಗೂ ಯಾರದೆಂದು ಯೋಚಿಸಿರಲಿಲ್ಲ. ಈಗ ಸೌದೆ ರಾಶಿಯನ್ನೆಲ್ಲ ಜಾಲಾಡಿದರೂ ಅದು ಸಿಗಲಿಲ್ಲ.

ಮರುದಿನ ಎಡಿತಾ ಎಲ್ಲರಿಗಿಂತ ಮೊದಲೇ ಬಂದಳು. ಯಾರನ್ನೂ ಮಾತಾಡಿಸದೆ ನೇರ ಬಾಗಿಲ ಬಲಗಡೆಗೆ ಕೈಯೆತ್ತಿದಳು. ಬೆರಳಿಗೆ ಬಿಳಿ ಬಣ್ಣ ಅಂಟಿತು. ತುಟಿಯ ಹತ್ತಿರ ಹೋಗಿದ್ದ ಕೈ ಅಲ್ಲೇ ನಿಂತಿತು.

ಮರಕ್ಕೆ ಹುಳ ಹಿಡಿದಿತ್ತು ಎಂಬ ಮಾತನ್ನು ದ್ರಾಹೊಮೀರಾ ರಾತ್ರಿಯೇ ಸಿದ್ಧಮಾಡಿಕೊಂಡಿದ್ದಳು. ಆ ಸುಳ್ಳು ಬಾಯಿಗೆ ಬರಲಿಲ್ಲ.

"ನನ್ನ ಗಂಡನೇ ಕಿತ್ತುಹಾಕಿದ್ದು. ನೀವು ಬರ್ತೀರಲ್ಲ, ಮನೆ ಚೆನ್ನಾಗಿರ್ಲಿ ಅಂತ."

"ನಮ್ಮಮ್ಮನೂ ಘೆಟ್ಟೊಗೆ ಹೊರಡೋ ದಿನ ನೆಲ ಒರೆಸಿದ್ಲು, ಗಾಜು ಉಜ್ಜಿದ್ಲು," ಅಂದಳು ಎಡಿತಾ. "ಬೀಗದಕೈ ಇಸ್ಕೊಂಡವನು, ಮನೆ ಚೊಕ್ಕವಾಗಿಟ್ಟಿದ್ದೀರಿ ಅಂದ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ದ್ರಾಹೊಮೀರಾಗೆ.

ಬೊಹುಮಿಲ್ ಟೋಪಿ ತೆಗೆದ. "ಒಂದು ತುಂಡು ಹಿತ್ತಲಲ್ಲಿದೆ. ಗೊಬ್ಬರದ ಮಧ್ಯೆ ನೆಟ್ಟಿದ್ದೀನಿ. ದೇವರ ಸಾಮಾನು ಅಂತ ಗೊತ್ತಾದ್ಮೇಲೆ ಹೇಳೋಕೆ ಮುಖ ಇರ್ಲಿಲ್ಲ."

ಟೊಮೆಟೊ ಗಿಡವೊಂದಕ್ಕೆ ಆಸರೆಯಾಗಿ ಆ ಮರ ತಲೆಕೆಳಗಾಗಿ ನಿಂತಿತ್ತು. ಗುಳಿ ನೆಲಕ್ಕೆ ಮೊಳದೆತ್ತರದಲ್ಲಿತ್ತು, ಒಳಗೆಲ್ಲ ಮಣ್ಣು. ಎಡಿತಾ ಒಳ್ಳೆಯ ಲಂಗದಲ್ಲೇ ಗೊಬ್ಬರದಲ್ಲಿ ಮಂಡಿಯೂರಿದಳು.

"ಅಪ್ಪ ಎತ್ತಿ ಹಿಡಿದ್ರೇ ನಂಗಿದು ಎಟಕ್ತಿದ್ದಿದ್ದು," ಎನ್ನುತ್ತ ಉಗುರಿನಿಂದ ಮಣ್ಣು ಕೆರೆದಳು.

ಬೀದಿಯಲ್ಲಿ ವಾದ್ಯದವರು ಶುರುಮಾಡಿದರು. ಯಾರೋ ಅವಳ ಹೆಸರು ಕೂಗಿದರು. ಬೊಹುಮಿಲ್‌ಗೆ ನೋಡಲಾಗಲಿಲ್ಲ. ಬಗ್ಗಿ, ಅವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಹೋದ.

"ತಾಳಿ," ಅಂದಳು ಎಡಿತಾ. "ಇನ್ನೂ ಮುಟ್ಟಿಲ್ಲ."